ಹಿಕ್ಕೆಗೆ ಬಂಡವಾಳ ಹೂಡುವವರು ಬೇಕಾಗಿದ್ದಾರೆ

ಬಿಸಿನೆಸ್ ಪ್ಲಾನ್ ಬರೆದುಕೊಡುವ ಕೆಲಸ ಹಿಡಿದ ಮೇಲೆ ನಗುವ ಪ್ರಸಂಗ ಹುಡುಕಿಕೊಂಡು ನಾನು ಎಲ್ಲಿಗೂ ಹೋಗಿಲ್ಲ. ಅವೇ ಮೆಟ್ಟಿಲು ಹತ್ತಿ ನನ್ನ ಟೇಬಲ್ಲಿಗೆ ಬರುತ್ತವೆ. ಜಹೀರಾಬಾದ್ ಬಸ್ ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಎಂ.ಕಾಂ. ಎಂದು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದ್ದೆ. ಅದನ್ನು ಓದಿ ಬಂದವರು ಕಡಿಮೆ. ಕೆಳಗೆ ಕರೆಂಟ್ ಹೋದಾಗ ಕೂರಲು ಜಾಗ ಬೇಕೆಂದು ಬಂದವರೇ ಹೆಚ್ಚು.

ಅದು ತೆಲಂಗಾಣ ಹೋರಾಟದ ಕಾಲ. ಒಂದು ದಿನ ಬಂದ್, ಇನ್ನೊಂದು ದಿನ ರಾಸ್ತಾ ರೋಕೋ. ಉಳಿದ ದಿನಗಳಲ್ಲಿ ಜನ ಹೊಸ ಧಂದಾ ಶುರು ಮಾಡುವ ಯೋಚನೆ ಮಾಡುತ್ತಿದ್ದರು. ಹೊಸ ರಾಜ್ಯ ಬಂದರೆ ಎಲ್ಲವೂ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನು ನಂಬಿರಲಿಲ್ಲ. ಆದರೆ ನಂಬಿದವರಿಗೆ ಪ್ಲಾನ್ ಬರೆದುಕೊಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಇಲ್ಲಿ ಹೇಳುವುದೆಲ್ಲ ಅಂಥ ಒಂದೇ ಪ್ಲಾನಿನಿಂದ ಹುಟ್ಟಿದ್ದು.

ಸ್ಟಾಕ್ ಎಷ್ಟಿದೆ

ನಾರಾಯಣಖೇಡದ ಆಚೆ, ಮನೂರ್ ಕಡೆಯಿಂದ ಒಬ್ಬ ಹೆಂಗಸು ಬಂದಳು. ಕುರಿ ಸಾಕುವ ಮನೆತನ. ಗಂಡ ಹಿಂಡಿನ ಜೊತೆ ದೌಲತಾಬಾದ್ ಕಡೆ ಹೋಗಿದ್ದ. ಅವಳ ಜೊತೆ ಬಂದಿದ್ದವನು ಭಾವ, ಗಂಡನ ಅಣ್ಣ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೂತರೆ ಅದಕ್ಕೂ ಫೀಸು ಹಾಕುತ್ತೇನೆ ಎಂಬ ಅನುಮಾನ.

"ಯಾವ ಧಂದಾ?" ಎಂದೆ.

"ಕುರೀದ್ರಿ," ಎಂದಳು.

"ಮಾಂಸವೋ, ಉಣ್ಣೆಯೋ?"

"ಎರಡೂ ಅಲ್ರಿ. ಹಿಕ್ಕಿ."

ನಾನು ಪೆನ್ನು ಕೆಳಗಿಟ್ಟೆ.

ಭಾವ ಕೂಡಲೇ ಬಾಗಿಲ ಕಡೆ ತಿರುಗಿದ. "ನೋಡ್ದಿಲ್ಲ? ಓದಿದಾವ್ರೂ ಪೆನ್ ಇಟ್ರು. ನಡಿ ಮನಿಗಿ."

ಅವಳು ನಡೆಯಲಿಲ್ಲ. ಬಿಡಿಸಿ ಹೇಳಿದಳು. ನಮ್ಮ ಕಡೆ ಬೆಳೆ ತೆಗೆದ ಖಾಲಿ ಹೊಲಕ್ಕೆ ರೈತರು ಕುರಿ ಹಿಂಡನ್ನು ಕರೆಸಿ ಎರಡು ಮೂರು ದಿನ ತಂಗಿಸುತ್ತಾರೆ. ಕುರಿ ಹಾಕಿದ ಹಿಕ್ಕೆಯೇ ಗೊಬ್ಬರ. ಅದಕ್ಕೆ ಕುರಿಯವರಿಗೆ ಜೋಳವನ್ನೋ ದುಡ್ಡನ್ನೋ ಕೊಡುತ್ತಾರೆ. ಕರೆಯುವವರು ಬೇಕಾದಷ್ಟಿದ್ದಾರೆ, ಆದರೆ ಒಂದು ಹೊಲದಿಂದ ಇನ್ನೊಂದಕ್ಕೆ ನಡೆಯುವುದರಲ್ಲೇ ಅರ್ಧ ಹಂಗಾಮು ಮುಗಿಯುತ್ತದೆ. ನಾಲ್ಕು ಮನೆಗಳ ಹಿಂಡು ಸೇರಿಸಬೇಕು. ಕುರಿ ಸಾಗಿಸಲು ಒಂದು ಹಳೆಯ ಟೆಂಪೋ, ಸುತ್ತ ಕಟ್ಟಲು ಬಲೆ, ರೈತರು ಬುಕ್ ಮಾಡಲು ಒಂದು ಫೋನು ಬೇಕು. ಬ್ಯಾಂಕಿನವರು, ಇನ್ನೂ ಬೀಳದ ಹಿಕ್ಕೆಗೆ ತಮ್ಮಲ್ಲಿ ಫಾರಂ ಇಲ್ಲ ಎಂದಿದ್ದರು. ಹಾಗಾಗಿ ದುಡ್ಡು ಹೂಡಿ ಲಾಭದಲ್ಲಿ ಪಾಲು ಕೇಳುವವರನ್ನು ಹುಡುಕಿಕೊಂಡು ಹೊರಟಿದ್ದಳು.

"ಯುಗಾದಿತನ ಟೈಮ್ ಕೊಟ್ಟೀನ್ರಿ," ಎಂದ ಭಾವ. "ನಡದ್ ನಡದ್ ಮಣಕಾಲ ಹೋಗ್ಯಾವ. ಹಬ್ಬ ಆದ್ ಮರದಿನ ಹಿಂಡ ಪೂರಾ ವ್ಯಾಪಾರಿಗಿ ಕೊಡ್ತೀನಿ. ಮಾತ್ ಆಗ್ಯಾದ."

"ನಾ ತವರಿಂದ ಹನ್ನೆರಡ ಕುರಿ ಹೊಡ್ಕೊಂಡ್ ಬಂದಾಕಿ ರಿ," ಎಂದಳು ಅವಳು, ನನಗಲ್ಲ, ಗೋಡೆಗೆ. "ಈಗ ಇರೋ ಹಿಂಡಿನಾಗ ಅರ್ಧ ಅವುಗಳ ಮಕ್ಕಳು ಮೊಮ್ಮಕ್ಕಳು. ಅವನ್ನ ಲಾರಿ ಹತ್ತಸಿ ನಾ ಮನ್ಯಾಗ ಕುಂತು ಏನ್ ಮಾಡ್ಲಿ?"

ನನಗೆ ಭಾವುಕತೆ ಒಗ್ಗುವುದಿಲ್ಲ. ಫಾರಂ ತೆಗೆದು ಮೊದಲ ಪ್ರಶ್ನೆ ಕೇಳಿದೆ. "ಸದ್ಯಕ್ಕೆ ನಿಮ್ಮಲ್ಲಿರುವ ಮಾಲಿನ ಸ್ಟಾಕ್ ಎಷ್ಟು? ಎಲ್ಲಿಟ್ಟಿದ್ದೀರಿ?"

"ಹೊಟ್ಟ್ಯಾಗ ಅದರಿ," ಎಂದಳು.

ಆಡಳಿತ ಮಂಡಳಿ

ಹಣ ಹೂಡುವವರು ಮೊದಲು ನೋಡುವುದು ಧಂದಾ ನಡೆಸುವವರು ಯಾರು ಎಂಬುದನ್ನು ಎಂದು ಯುನಿವರ್ಸಿಟಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಯಾವ ಧಂದಾವನ್ನೂ ನಡೆಸಿದವರಲ್ಲ. ಇರಲಿ.

"ಮೊದಲನೇ ಹೆಸರು?"

"ನಮ್ಮ ಮನಿಯವ್ರು. ಹುಟ್ಟಿದಾಗಿಂದ ಕುರಿ ಹಿಂದೇ ಅದಾರ."

"ಎರಡನೇದು?"

"ನಂದು ಬರೀರಿ."

"ಮೂರನೇದು?"

"ಕರಿಯಾ."

"ಮೈದುನನಾ?"

"ನಾಯಿರಿ."

ನಾಯಿಯನ್ನು ಬರೆಯುವಂತಿಲ್ಲ ಎಂದೆ. ಅವಳು ಒಪ್ಪಲಿಲ್ಲ. "ಯಾಕ ಬರೀಬಾರ್ದು? ತ್ವಾಳ ಬಂದ್ರ ಓಡಿ ಹೋಗಿ ಹಿಡಿಯೋದು ಅದೇ. ನಮ್ಮ ಭಾವ ಮರ ಹತ್ತತಾರ."

"ಒಂದೇ ಸಲ ಹತ್ತೀನಿ!" ಎಂದು ಭಾವ ಬಾಗಿಲಿಂದ ಕೂಗಿದ.

ವಾದ ಮಾಡುವಷ್ಟು ಫೀಸು ಅವಳು ಕೊಟ್ಟಿರಲಿಲ್ಲ. ಮೂರನೇ ಸಾಲಿನಲ್ಲಿ "ಭದ್ರತಾ ಮುಖ್ಯಸ್ಥ" ಎಂದು ಬರೆದು ಕರಿಯಾನ ಹೆಸರು ಹಾಕಿದೆ. ನಾಲ್ಕನೇದು ಭಾವನದು. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಅನುಮಾನ ಬರುತ್ತಿತ್ತು. ಕೆಳಗೆ ಹೋಗಿ ಜೆರಾಕ್ಸ್‌ನವನಿಂದ ಪಟ್ಟಿ ಓದಿಸಿ, ಮೊಣಕಾಲು ನೋವನ್ನೂ ಮರೆತು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ.

"ನಾಯಿ ಮೂರನೇ ನಂಬರ್, ನಾ ನಾಕನೇದಾ? ಮನಿಗಿ ಹಿರೀಮಗ ನಾನು!"

ನಾನು ಅವಳ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಶಾಂತವಾಗಿ ಹೇಳಿದಳು: "ಹಿಂಡ ಮಾರ್ತೀನಂತ ಆ ನಾಯಿ ಒಂದ್ ದಿನಾನೂ ಅಂದಿಲ್ರಿ."

ತಾಂಡೂರಿನ ಸಾಹುಕಾರರು

ತಾಂಡೂರಿನ ಒಬ್ಬ ಬೇಳೆ ಮಿಲ್ಲಿನ ಸಾಹುಕಾರರಲ್ಲಿ ಸುಮ್ಮನೆ ಬಿದ್ದಿರುವ ದುಡ್ಡಿದೆ ಎಂದು ಕೇಳಿ ಅವಳನ್ನು ಕರೆದುಕೊಂಡು ಹೋದೆ. ಅವರು ನನ್ನ ಹದಿನಾಲ್ಕು ಪುಟಗಳ ಪ್ಲಾನನ್ನು ತೆಗೆದುಕೊಂಡು, ತೊಗರಿಯ ಸ್ಯಾಂಪಲ್ ತೂಗುವ ಹಾಗೆ ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿದರು.

"ಹಗುರ ಅದ," ಎಂದು ವಾಪಸ್ ಕೊಟ್ಟರು. ಒಳಗೆ ಏನಿದೆ ಎಂದು ನೋಡಲಿಲ್ಲ.

ಮುಂದಿನ ವಾರ ಅರವತ್ತು ಪುಟ ಮಾಡಿಕೊಂಡು ಹೋದೆ. ಬಣ್ಣದ ವೃತ್ತಗಳು, ಬಾಣಗಳು, ಮೇಲಕ್ಕೇ ಹೋಗುವ ಗೆರೆಗಳು. ಐದು ವರ್ಷಗಳಲ್ಲಿ ಎಷ್ಟು ಹಿಕ್ಕೆ ಬೀಳುತ್ತದೆ ಎಂಬ ಕೋಷ್ಟಕವೂ ಇತ್ತು. ಅದನ್ನು ಹೇಗೆ ಲೆಕ್ಕ ಹಾಕಿದೆ ಎಂದು ಕುರಿ ಕೂಡ ಕೇಳಬಾರದು. ಸಾಹುಕಾರರು ತೂಗಿ ನೋಡಿ ತಲೆದೂಗಿದರು. "ಈಗ ಬರೋಬ್ಬರಿ ಅದ. ಛಲೋ ಪ್ಲಾನ್. ಆದ್ರ ಈಗ ಟೈಮ್ ಸರಿ ಇಲ್ರಿ. ತೆಲಂಗಾಣ ಬರ್ಲಿ, ಹಾಕೋಣ."

ಆ ವರ್ಷಗಳಲ್ಲಿ ತಾಂಡೂರಿನಿಂದ ಜಹೀರಾಬಾದಿನವರೆಗೆ ನಾನು ಕೇಳಿದ ಒಂದೇ ಉತ್ತರ ಅದು. ಮದುವೆ, ಬೋರ್‌ವೆಲ್, ಮನೆಗೆ ಸುಣ್ಣ, ಎಲ್ಲದಕ್ಕೂ ಅದೇ. ನಾನು ಎದ್ದು ನಿಂತೆ. ಅವಳು ಏಳಲಿಲ್ಲ.

"ಒಂದ್ ಮಾತ್ ಕೇಳ್ಲಾರಿ ಸಾವ್ಕಾರ್ರ? ರಾಜ್ಯ ಬರೋತನ ನೀವು ಹಿಡ್ಕೊಂಡ್ ಕುಂದರ್‍ತೀರಿ, ಆತು. ಕುರಿ ಹ್ಯಾಂಗ ಹಿಡ್ಕೊಂಡ್ ಕುಂದರ್‍ತಾವ?"

ಪಸ್ತಾಪುರದಲ್ಲಿ ಸರ್ವೆ

ಗಿರಾಕಿಗಳ ಅಭಿಪ್ರಾಯ ಸೇರಿಸಿದರೆ ಪ್ಲಾನಿಗೆ ಬಲ ಬರುತ್ತದೆ ಎಂದುಕೊಂಡು ಪಸ್ತಾಪುರಕ್ಕೆ ಹೋದೆ. ಅಲ್ಲಿ ಸಜ್ಜೆ, ನವಣೆ ಬೆಳೆಯುವ ಹೆಂಗಸರ ಸಂಘವಿದೆ. ಅವರು ಯೂರಿಯಾ ಮುಟ್ಟುವುದಿಲ್ಲ, ಹಾಗಾಗಿ ನಮಗೆ ಹೇಳಿ ಮಾಡಿಸಿದ ಗಿರಾಕಿಗಳು. ಇಪ್ಪತ್ತೆರಡು ಪ್ರಶ್ನೆಗಳ ಹಾಳೆ ಹಿಡಿದುಕೊಂಡು ಮರದ ಕೆಳಗೆ ಕೂತೆ.

ಒಂಬತ್ತನೇ ಪ್ರಶ್ನೆಯ ಹೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು. ಒಬ್ಬ ಮುದುಕಿ ಮಾತ್ರ ಕೊನೆಯವರೆಗೂ ಕೂತಿದ್ದಳು. ನನಗೆ ಅವಳ ಮೇಲೆ ಗೌರವ ಬಂತು. ಕಡೆಯ ಪ್ರಶ್ನೆ ಕೇಳಿದೆ: "ಅಂಗಡಿ ಗೊಬ್ಬರ ಬಿಟ್ಟು ಕುರಿ ಹಿಂಡನ್ನೇ ಯಾಕೆ ಇಷ್ಟಪಡುತ್ತೀರಿ?"

"ಬರಕೋ," ಎಂದಳು ಮುದುಕಿ. "ಕುರಿ ಬರ್ತಾವ, ತಮ್ಮ ಕೆಲಸ ಮಾಡ್ತಾವ, ಹೋಗ್ತಾವ. ಒಂದ್ ಪ್ರಶ್ನೆನೂ ಕೇಳಂಗಿಲ್ಲ."

ಹೈದರಾಬಾದಿನಿಂದ ಬಂದ ಮೇಡಂ

ಹಳ್ಳಿಯ ಧಂದಾಗಳಿಗೆ ಹಣ ಹೂಡುವ ಹೈದರಾಬಾದಿನ ಒಬ್ಬ ಮೇಡಮ್ಮಿಗೆ ಪ್ಲಾನ್ ಕಳಿಸಿದ್ದೆ. ಯುಗಾದಿಗೆ ಒಂದು ವಾರ ಇರುವಾಗ ಅವರಿಂದ ಫೋನ್ ಬಂತು: ಬಂದು ಕಣ್ಣಾರೆ ನೋಡುತ್ತೇನೆ. ಪಸ್ತಾಪುರದ ಹೊಲವೊಂದರಲ್ಲಿ ಹಿಂಡು ತೋರಿಸುವುದೆಂದು ಗೊತ್ತು ಮಾಡಿದೆವು. ಕುರಿಯವಳ ಗಂಡ ನಾಲ್ಕು ದಿನ ಮೊದಲೇ ಹಿಂಡು ಹೊಡೆದುಕೊಂಡು ಹೊರಟ. ಅವಳ ಜೊತೆ ಭಾವನೂ ಬಂದ. ಮೇಡಂ ಒಲ್ಲೆ ಅನ್ನುವುದನ್ನು ಕಿವಿಯಾರೆ ಕೇಳಬೇಕಂತೆ.

ಮೇಡಂ ಬರುವ ದಿನವೇ ಬೆಳಿಗ್ಗೆ ಹೋರಾಟದವರು ಹೈವೇ ಮೇಲೆ ಅಡುಗೆ ಹೂಡಿದರು. ಆಗ ಅದೊಂದು ಪದ್ಧತಿ: ಡಾಂಬರಿನ ಮೇಲೆ ಇಟ್ಟಿಗೆ ಇಟ್ಟು ಒಲೆ ಹಚ್ಚಿ, ಅಲ್ಲೇ ಬೇಯಿಸಿ, ಅಲ್ಲೇ ಪಂಕ್ತಿ ಕೂತು ಉಣ್ಣುವುದು. ಊಟ ಮುಗಿಯುವವರೆಗೆ ಗಾಡಿ ದಾಟುವಂತಿಲ್ಲ. ಹಂಡೆಗಳ ಆಚೆ ಮೇಡಮ್ಮಿನ ಕಾರು, ನಾವು ಹೋಗಬೇಕಾದ ಹೊಲವೂ ಆಚೆಗೇ; ಈಚೆ ನಮ್ಮ ಹಿಂಡು.

ಅಲ್ಲಿನ ಕಮಿಟಿ ಅಧ್ಯಕ್ಷರ ಹತ್ತಿರ ಹೋಗಿ, ಕುರಿಯನ್ನಾದರೂ ದಾಟಲು ಬಿಡಿ ಎಂದೆ.

"ಬಂದ್ ಅಂದ್ರ ಬಂದ್ರಿ," ಎಂದರು. "ಇವತ್ತ ಕುರಿ ಬಿಟ್ರ ನಾಳಿ ಲಾರಿಯವ ಬಂದು, ನಾನೇನು ಕುರಿಗಿಂತ ಕಡಿಮಿ ಏನ್ರಿ ಅಂತಾನ."

ಹಿಂಡು ರಸ್ತೆಯ ಮೇಲೆ ನಿಂತಿತು. ಮೇಡಂ ಕಾರಿಳಿದು ಹಂಡೆಗಳ ನಡುವೆ ನಡೆದು ಬಂದರು. ಯಾರೋ ಅವರನ್ನೂ ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೂವತ್ತೊಂದನೇ ಪುಟ ತೆರೆದೆ. "ಮೊದಲು ಉಣ್ಣೋಣ," ಎಂದರು ತೆಲುಗಿನಲ್ಲಿ.

ಅಷ್ಟರಲ್ಲಿ ಬೆಳಗಿನಿಂದ ಮೇದು ನಿಂತಿದ್ದ ಕುರಿಗಳು ತಮ್ಮ ಕೆಲಸ ಶುರು ಮಾಡಿದವು. ನೋಡನೋಡುತ್ತ ರಸ್ತೆಯ ತುಂಬ ಹಿಕ್ಕೆ. ಕುರಿಯವಳು ತಲೆ ಹಿಡಿದುಕೊಂಡಳು. "ಅಯ್ಯಯ್ಯ, ಹೊಲಕ್ಕ ಬೀಳೋ ಮಾಲ್ ಪೂರಾ ಸರ್ಕಾರದ ರೋಡಿಗಿ ಹೋತಲ್ರಿ!"

ಭಾವ ಬಿದ್ದು ಬಿದ್ದು ನಕ್ಕ. "ಆತಿಲ್ಲ ನಿನ್ನ ಧಂದಾ? ಮೇಡಂ ಹೊಂಟ ಮ್ಯಾಲ ವ್ಯಾಪಾರಿಗಿ ಹೇಳಿ ಕಳಸ್ತೀನಿ."

ಆಗ ಪಂಕ್ತಿಯಿಂದ ಒಬ್ಬ ಹೆಂಗಸು ಅರ್ಧ ಊಟ ಬಿಟ್ಟು ಎದ್ದಳು. ಬುಟ್ಟಿ ತಂದು ರಸ್ತೆ ಗುಡಿಸತೊಡಗಿದಳು. ಪಕ್ಕದವಳು, "ಏ, ಅದು ನನ್ನ ಎಲಿ ಮುಂದ ಬಿದ್ದದ್ದು!" ಎಂದು ಎದ್ದಳು. ಐದು ನಿಮಿಷದಲ್ಲಿ ಪಂಕ್ತಿ ಖಾಲಿ. ಘೋಷಣೆ ಬರೆದ ರಟ್ಟುಗಳೆಲ್ಲ ಮೊರಗಳಾದವು. ಜೈ ತೆಲಂಗಾಣ ಎನ್ನುತ್ತಿದ್ದವರು ಒಬ್ಬರ ಬುಟ್ಟಿಯನ್ನು ಒಬ್ಬರು ಎಳೆಯುತ್ತಿದ್ದರು. ಅಧ್ಯಕ್ಷರಿಗೂ ಒಂದಿಷ್ಟು ಶುಂಠಿ ಹೊಲವಿತ್ತು. ಮೈಕ್ ಹಿಡಿದರು: "ಶಾಂತಿ, ಶಾಂತಿ! ಇದು ನಮ್ಮ ಕಾರ್ಯಕ್ರಮದಾಗ ಬಿದ್ದದ್ದು. ಅಂದ್ರ ಕಮಿಟಿ ಆಸ್ತಿ. ಎಲ್ಲಾರೂ ತಂದು ಇಲ್ಲಿ ಗುಂಪಿ ಹಾಕ್ರಿ!"

"ಏನು ಜಗಳ?" ಎಂದರು ಮೇಡಂ.

ಸುಳ್ಳು ಹೇಳಲು ಸಮಯ ಸಾಲಲಿಲ್ಲ. ಇದ್ದದ್ದನ್ನೇ ಹೇಳಿದೆ.

ಅವರು ನನ್ನ ಅರವತ್ತು ಪುಟಗಳನ್ನು ತಿರುವಿದರು. "ಇದಕ್ಕಾಗಿ ಜನ ಹೀಗೆ ಹೊಡೆದಾಡುತ್ತಾರೆ ಎಂದು ಯಾವ ಪುಟದಲ್ಲಿ ಬರೆದಿದ್ದೀರಿ?"

"ಬರೆದಿಲ್ಲ."

"ಅದೊಂದೇ ಬರೆದಿದ್ದರೆ ಸಾಕಿತ್ತು," ಎಂದು ಮುಚ್ಚಿಟ್ಟು, ಕುರಿಯವಳ ಕಡೆ ತಿರುಗಿದರು. "ಇವರೆಲ್ಲ ನಿನಗೆ ದುಡ್ಡು ಕೊಡುತ್ತಾರಾ?" ಅವಳಿಗೂ ತೆಲುಗು ಬರುತ್ತಿತ್ತು, ಆದರೆ ಗಾಬರಿಯಲ್ಲಿ ಕನ್ನಡವೇ ಬಂತು.

"ಕುರಿ ಹೊಲದಾಗ ನಿಂತ್ರ ಕೊಡ್ತಾರ್ರಿ. ರೋಡಿನಾಗ ನಿಂತ್ರ ಪುಕ್ಕಟ್."

ನಾನು ತೆಲುಗಿಗೆ ತಿರುಗಿಸಿದೆ. ಅವರು ನಕ್ಕರು. "ಸರಿ, ಹಾಕುತ್ತೇನೆ. ಹಬ್ಬ ಆದಮೇಲೆ ಕಾಗದ ಮಾಡೋಣ."

"ಹಬ್ಬ ಆದ ಮ್ಯಾಲ ಕಾಗದ ಇರ್ತದ್ರಿ, ಕುರಿ ಇರಂಗಿಲ್ಲ," ಎಂದಳು.

ಮೇಡಂ ವಿಷಯ ತಿಳಿದುಕೊಂಡರು. ಎಡಗೈಯಲ್ಲೇ ಪೆನ್ನು ಹಿಡಿದು, ನನ್ನ ಪ್ಲಾನಿನ ಹಿಂಬದಿಯ ಖಾಲಿ ಪುಟದಲ್ಲಿ ದುಡ್ಡು ಹೂಡಿದ್ದೇನೆ ಎಂದು ಎರಡು ಸಾಲು ಗೀಚಿ ಸಹಿ ಮಾಡಿದರು. ಅರವತ್ತರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಪುಟ. "ಇನ್ನು ಹಿಂಡು ಮಾರುವಂತಿಲ್ಲ. ಮಾರುತ್ತೇನೆ ಎಂದವರು ಯಾರು? ಅವರನ್ನೂ ಕರೆಯಿರಿ."

ಭಾವನನ್ನು ಹುಡುಕಿದೆವು. ನಗುತ್ತಿದ್ದ ಜಾಗದಲ್ಲಿ ಅವನಿರಲಿಲ್ಲ. ಕಮಿಟಿಯವರು ಹಾಕಿಸಿದ್ದ ಹಿಕ್ಕೆಯ ರಾಶಿಯ ಮೇಲೆ ತನ್ನ ರುಮಾಲು ಬಿಚ್ಚಿ ಹಾಸಿ, ಅಡ್ಡಡ್ಡ ಕೋಲು ಹಿಡಿದು ನಿಂತಿದ್ದ. ಎದುರಿಗೆ ಮೈಕ್ ಹಿಡಿದ ಅಧ್ಯಕ್ಷರು, ಸುತ್ತ ಬುಟ್ಟಿ ಹಿಡಿದ ಜನ.

"ಯಾವನಾರ ಮುಟ್ಟಿ ನೋಡ್ರಿ!" ಎಂದು ಗರ್ಜಿಸುತ್ತಿದ್ದ. "ಇದು ನಮ್ಮ ಕಂಪನಿ ಮಾಲ್!"