ಘಟ್ಟ ಇಳಿಯುವ ಮುಂಚಿನ ಗದ್ದಲ

ಮನೆಯಲ್ಲಿ ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ. ಎಲ್ಲಿಗಾದರೂ ಹೊರಡೋಣ ಅಂದವರಿಗೇ ಎಲ್ಲ ಆಗುವುದು. ಅದರಲ್ಲಿ ಮುಕ್ಕಾಲು ಪಾಲು ಹೊರಡುವ ಮೊದಲೇ ಆಗಿರುತ್ತದೆ.

ಆಗ ನಾನು ಶಿಕಾರಿಪುರದಲ್ಲಿ ಒಬ್ಬ ಡಾಕ್ಟರ ಬಳಿ ಕಾಂಪೌಂಡರಾಗಿದ್ದೆ. ರಾಜ್ಯ ಒಂದಾದ ಹೊಸತು. ಅದುವರೆಗೆ ಬೊಂಬಾಯಿಗೆ ಸೇರಿದ್ದ ಹೊನ್ನಾವರ, ಕುಮಟೆ ಎಲ್ಲ ನಮ್ಮವೇ ಆಗಿದ್ದವು. ಡಾಕ್ಟರ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ ಅಂದರೆ ಆಕೆ ಸುತರಾಂ ಒಪ್ಪುತ್ತಿರಲಿಲ್ಲ. "ಪೂರ್ತಿ ಮಂಜಾಗೋದರೊಳಗೆ ಒಂದು ಸಲ ಸಮುದ್ರ ತೋರಿಸಿಬಿಡಪ್ಪ, ಸಾಕು" ಅಂದರು. ತಾಯಿಯ ಮಾತು ಮೀರುವ ಮಗ ಅವರಲ್ಲ. ಒಂದು ವಾರ ಕಾರಿನಲ್ಲಿ ಕರಾವಳಿ ಸುತ್ತುವುದು ಅಂತ ತೀರ್ಮಾನವಾಯಿತು. ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಆಮೇಲೆ ಕುಮಟೆ, ಗೋಕರ್ಣ. ಡಾಕ್ಟರು, ಅವರ ಅಮ್ಮ, ಡ್ರೈವರು, ನಾನು, ಜೊತೆಗೆ ಡಾಕ್ಟರ ಗೆಳೆಯರಾದ ಸೊರಬದ ಭೂಗೋಳದ ಮೇಷ್ಟ್ರು. ಇಷ್ಟು ಜನ.

ಒಂದು ಗೇಣು ದಾರಿ

ಮೇಷ್ಟ್ರು ಶಾಲೆಯ ಗೋಡೆ ನಕ್ಷೆಯನ್ನೇ ಸುತ್ತಿಕೊಂಡು ಬಸ್ಸಿನಲ್ಲಿ ತಂದರು. ದವಾಖಾನೆಯ ಬೆಂಚಿನ ಮೇಲೆ ಹಾಸಿ, ದಾರ ಹಿಡಿದು ಅಳೆದರು.

"ನೋಡಿ ಮಾರಾಯ್ರೇ, ಇಲ್ಲಿಂದ ಹೊನ್ನಾವರ ಒಂದು ಗೇಣೂ ಇಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನ ಊಟಕ್ಕೆ ಅಲ್ಲಿ."

ಡ್ರೈವರು ಬಗ್ಗಿ ನೋಡಿದ. "ಘಾಟಿ ಎಲ್ಲೈತ್ರೀ ಇದರಾಗೆ?"

"ಇದೇ, ಈ ಕಂದು ಬಣ್ಣ."

ಡ್ರೈವರು ಕಂದು ಬಣ್ಣದ ಮೇಲೆ ಬೆರಳಾಡಿಸಿ ನೋಡಿದ, ತಲೆಯಾಡಿಸಿದ. "ಮೇಷ್ಟ್ರೇ, ಬಣ್ಣ ಹತ್ತೋದಾದ್ರೆ ನಮ್ಮ ಗಾಡಿ ಆರಾಮಾಗಿ ಹತ್ತತೈತಿ. ಗುಡ್ಡ ಹತ್ತೋದಾದ್ರೆ ವಾಪಸ್ ಬರೋವಾಗ ನೀವೆಲ್ಲ ಇಳಿದು ನೂಕಬೇಕಾಗ್ತೈತಿ."

ಊಟ ಮಧ್ಯಾಹ್ನಕ್ಕಲ್ಲ, ಸಂಜೆಗೆ ಅಂತ ತಿದ್ದಿಕೊಂಡೆವು.

ಮುಂದಿನ ವಾರದ ಜ್ವರ

ಡಾಕ್ಟರು ಒಂದು ವಾರ ಇರುವುದಿಲ್ಲ ಅನ್ನುವ ಸುದ್ದಿ ಹಬ್ಬಿತು. ಊರಿನ ಆರೋಗ್ಯವೆಲ್ಲ ಒಮ್ಮೆಲೇ ಕೆಟ್ಟಿತು. ಕೆಮ್ಮಿದ್ದವರು, ಕೆಮ್ಮು ಬರಬಹುದು ಅನ್ನಿಸಿದವರು, ಎಲ್ಲರೂ ಬಾಟಲಿ ಹಿಡಿದು ಬಂದರು. ತಾಳಗುಂದದ ಕಡೆಯ ಒಬ್ಬ ರೈತ ಮಾತ್ರ ಬಹಳ ಖಚಿತವಾಗಿದ್ದ.

"ನನ್ನ ಹೆಂಡ್ತಿಗೆ ಮುಂದಿನ ಬುಧವಾರ ಜ್ವರ ಬರ್ತೈತ್ರೀ. ಈಗ್ಲೇ ಔಷಧಿ ಕೊಟ್ಬಿಡ್ರಿ."

ಡಾಕ್ಟರು ಕನ್ನಡಕ ತೆಗೆದರು. "ಈಗ ಹೇಗಿದ್ದಾಳೆ?"

"ಗುಂಡುಕಲ್ಲು ಇದ್ದಂಗ ಇದಾಳ್ರೀ."

"ಮತ್ತೆ ಬುಧವಾರ ಜ್ವರ ಬರುತ್ತೆ ಅಂತ ನಿನಗೆ ಹೇಗೆ ಗೊತ್ತಯ್ಯ?"

"ಅವತ್ತು ನಮ್ಮವ್ವ ಬರ್ತಾಳ್ರೀ."

ಡಾಕ್ಟರು ಎರಡು ಬಾಟಲಿ ಕೊಡಿಸಿದರು. "ಒಂದು ಹೆಂಡತಿಗೆ. ಇನ್ನೊಂದು ನಿನಗೆ, ಬಲವರ್ಧಕ. ನಡುವೆ ಸಿಕ್ಕಿಕೊಳ್ಳೋನು ನೀನಲ್ಲವೇ."

ನನ್ನ ಮಿಕ್ಸ್ಚರು

ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸಿದರೆ ಏನು ಗತಿ ಅಂತ ಮೇಷ್ಟ್ರಿಗೆ ಚಿಂತೆ ಹತ್ತಿತು. ಡಾಕ್ಟರ ಚೀಟಿಯಂತೆ ನಾನೇ ಒಂದು ಮಿಕ್ಸ್ಚರು ಬೆರೆಸಿ ಬಾಟಲಿಗೆ ಹಾಕಿದೆ. "ಚೆನ್ನಾಗಿ ಅಲ್ಲಾಡಿಸಿ, ಹೊರಡುವಾಗ ಒಂದು ಚಮಚ" ಅಂತ ಹೇಳಿ ಕೊಟ್ಟೆ. ಮೇಷ್ಟ್ರು ಅದನ್ನು ಜೇಬಿಗಿಟ್ಟುಕೊಂಡು ಸೊರಬದ ಬಸ್ಸು ಹತ್ತಿದರು.

ಎರಡು ದಿನ ಅವರ ಸುದ್ದಿಯೇ ಇಲ್ಲ. ಮೂರನೆಯ ದಿನ ಬಂದಾಗ ನಾನು ಮೊದಲು ಅವರ ಮುಖ ನೋಡಿದೆ. ಏನಾದರೂ ಹೆಚ್ಚುಕಮ್ಮಿ ಆಯಿತೋ ಏನೋ.

"ಔಷಧಿ ಭರ್ಜರಿ ಮಾರಾಯ್ರೇ. ನಿಜಕ್ಕೂ ಕೆಲಸ ಮಾಡ್ತದೋ ಇಲ್ಲವೋ ನೋಡೋಣ ಅಂತ ಅವತ್ತು ಬಸ್ಸಿನಲ್ಲೇ ಎರಡು ಗುಟುಕು ಕುಡಿದೆ."

"ವಾಕರಿಕೆ ಬರಲಿಲ್ಲವಲ್ಲ?"

"ವಾಕರಿಕೆನೂ ಬರಲಿಲ್ಲ, ಸೊರಬನೂ ಬರಲಿಲ್ಲ. ಕಂಡಕ್ಟರು ಎಬ್ಬಿಸಿದಾಗ ಆನವಟ್ಟಿಯಲ್ಲಿದ್ದೆ."

ಅವರು ನಗುತ್ತಿದ್ದುದು ನೋಡಿ ನನ್ನ ಜೀವ ಜಾಗಕ್ಕೆ ಬಂತು. ಆ ಬಾಟಲಿಯನ್ನು ಮಾತ್ರ ಅವರಿಂದ ಇಸಿದುಕೊಂಡು ಅವತ್ತೇ ಬಚ್ಚಲಿಗೆ ಸುರಿದೆ.

ಮೇಷ್ಟ್ರ ಕಾಗದ

ಹೊನ್ನಾವರದಲ್ಲಿ ಉಳಿಯುವುದೆಲ್ಲಿ? ಧಾರವಾಡದಲ್ಲಿ ತಮ್ಮ ಜೊತೆ ಓದಿದವರೊಬ್ಬರು ಅಲ್ಲಿದ್ದಾರೆ, ನಮ್ಮ ಪೈಕಿಯವರೇ, ಅಂತ ಮೇಷ್ಟ್ರು ಕಾಗದ ಬರೆದರು. ಉತ್ತರ ವಾರದೊಳಗೆ ಬಂತು: "ಪರಮ ಸಂತೋಷ. ಅವಶ್ಯ ಬನ್ನಿ. ಶುಕ್ರವಾರ ದಿನ ಚೆನ್ನಾಗಿದೆ. ರಾಹುಕಾಲ ಕಳೆದ ಮೇಲೆ ಮನೆ ಪ್ರವೇಶಿಸುವುದು." ಸಂಪ್ರದಾಯಸ್ಥರು ಅಂದುಕೊಂಡು ಶುಕ್ರವಾರವೇ ಹೊರಟೆವು. ಗಾಡಿ ಘಟ್ಟ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ.

ಆ ಮನೆಯ ಬಾಗಿಲಿಗೆ ಮಾವಿನ ತೋರಣ. ನಡುಮನೆಯಲ್ಲಿ ಜಮಖಾನೆ. ಬೇಲಿಯಾಚೆ ಅಕ್ಕಪಕ್ಕದ ಮನೆಯ ಹೆಂಗಸರು. ಯಜಮಾನರು ನನಗೆ ಮಾತ್ರ ಬೆನ್ನಿಗೆ ದಿಂಬು ಕೊಟ್ಟರು. ಕಾಂಪೌಂಡರಿಗೆ ಇಷ್ಟು ಮರ್ಯಾದೆ ಕೊಡುವ ಊರು ಇನ್ನೆಲ್ಲಿದೆ ಅಂತ ನನಗೆ ಹಿಗ್ಗು.

"ನೋಡೋದು ಈಗಲೋ, ತಿಂಡಿ ಆದ ಮೇಲೋ?" ಅಂದರು ಯಜಮಾನರು ಅಮ್ಮನಿಗೆ.

"ತಿಂಡಿ ಆಗ್ಲಿ ಬಿಡ್ರಿ. ಅಂದಹಾಗೆ, ಗದ್ದಲ ಭಾಳ ಅಂತಾರಲ್ರೀ, ಹೌದೇ?"

ಯಜಮಾನರ ಮುಖ ಚಿಕ್ಕದಾಯಿತು. "ಯಾರು ಹೇಳಿದ್ದು ಮಾರಾಯ್ರೇ? ಬಹಳ ಶಾಂತ."

"ಮಳೆಗಾಲದಾಗೆ ಹತ್ರ ಹೋಗೋಕೇ ಆಗಲ್ವಂತೆ?"

"ಸಿಟ್ಟು ಎಲ್ಲರಿಗೂ ಬರ್ತದೆ ಅಮ್ಮ. ಮಳೆಗಾಲ ಬೇಸಿಗೆ ಅಂತಿಲ್ಲ."

"ಉಪ್ಪೂ ಜಾಸ್ತಿಯಂತೆ?"

ಯಜಮಾನರು ಹೆಂಡತಿಯ ಮುಖ ನೋಡಿ, ತಲೆ ತಗ್ಗಿಸಿ, "ಸುಳ್ಳು ಯಾಕೆ ಹೇಳಲಿ, ಒಂದೊಂದು ದಿನ ಕೈ ಮೀರ್ತದೆ. ಮದುವೆಯಾದ ಮೇಲೆ ಸರಿ ಹೋಗ್ತದೆ" ಅಂದರು.

ಸಮುದ್ರಕ್ಕೆ ಮದುವೆಯೇ ಅಂತ ನಾವು ಬೆರಗಾಗುವಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ಹುಡುಗಿಯೊಬ್ಬಳು ಉಪ್ಪಿಟ್ಟಿನ ತಟ್ಟೆಗಳನ್ನು ತಂದಿಟ್ಟಳು. ಒಂದು ತುತ್ತಿಗೇ ನಾಲಿಗೆ ಚುರುಗುಟ್ಟಿತು, ಅಷ್ಟು ಉಪ್ಪು. "ಇನ್ನೊಂದು ಸ್ವಲ್ಪ?" ಅಂತ ಹುಡುಗಿಯ ತಾಯಿ ಕೇಳಿದಾಗ ಬೇಡ ಅಂದರೆ ಬೇಸರವಾದೀತೆಂದು ನಾನು ತಟ್ಟೆ ಚಾಚಿದೆ.

ಯಜಮಾನರ ಮುಖ ಅರಳಿತು. "ಹಾಗಾದರೆ ಹುಡುಗನ ಕಡೆಯಿಂದ ಒಪ್ಪಿಗೆ ಅಂತಾಯ್ತು!"

"ಯಾವ ಹುಡುಗ? ನಾವು ಬಂದದ್ದು ಸಮುದ್ರ ನೋಡ್ಲಿಕ್ಕೆ ಮಾರಾಯ್ರೇ!" ಅಂದರು ಮೇಷ್ಟ್ರು. ಅವರ ಕಾಗದವನ್ನು ಯಜಮಾನರು ಪೆಟ್ಟಿಗೆಯಿಂದ ತಂದು ಗಟ್ಟಿಯಾಗಿ ಓದಿದರು: "ಡಾಕ್ಟರ ತಾಯಿಯವರಿಗೆ ಕಣ್ಣು ಮಂಜಾಗುವುದರೊಳಗೆ ಒಮ್ಮೆ ನೋಡಿಬಿಡಬೇಕೆಂಬ ಹಂಬಲ. ಎಲ್ಲರೂ ನೋಡಲು ಬರುತ್ತಿದ್ದೇವೆ. ಕಾಂಪೌಂಡರಿಗೆ ಇನ್ನೂ ಮದುವೆಯಾಗಿಲ್ಲ, ಆದ್ದರಿಂದ ಅವರು ಜಗಲಿಯಲ್ಲಿ ಮಲಗುತ್ತಾರೆ." ಎರಡು ಪುಟದ ಕಾಗದದಲ್ಲಿ ಸಮುದ್ರ ಅನ್ನುವ ಪದ ಒಂದೇ ಒಂದು ಸಲವೂ ಇರಲಿಲ್ಲ.

ಡಾಕ್ಟರು ಎದ್ದು ಕೈಮುಗಿದರು. ಯಜಮಾನರು ಕಾಗದ ಮಡಚಿದರು. ಈಗ ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಅಂತ ನಾವು ಚಪ್ಪಲಿಯ ಕಡೆ ಕಣ್ಣು ಹಾಯಿಸಿದ್ದೆವು. ಅಷ್ಟರಲ್ಲಿ ಒಳಗಿನಿಂದ ಕಿಲಕಿಲ ನಗು. ಆಮೇಲೆ ಯಜಮಾನರು, ಅವರ ಹೆಂಡತಿ, ಬೇಲಿಯಾಚೆಯವರು, ಎಲ್ಲರೂ. ಅಮ್ಮನಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಹೊತ್ತು ಮುಳುಗುವ ಮೊದಲು ಎರಡೂ ಮನೆಯವರು ಕೂಡಿಯೇ ಕಡಲಿಗೆ ಹೋದೆವು. ಅಮ್ಮ ಮಗನ ಕೈ ಹಿಡಿದು ಬಹಳ ಹೊತ್ತು ನಿಂತಿದ್ದರು. "ಕಂಡಿತಪ್ಪಾ, ಅಷ್ಟೂ ಕಂಡಿತು" ಅಂದರು.

ಮರಳಿ ಬರುವಾಗ ಆ ಹುಡುಗಿ ಅಮ್ಮನ ಪಕ್ಕದಲ್ಲಿ ನಡೆಯುತ್ತಿದ್ದಳು. "ತಪ್ಪು ತಿಳೀಬೇಡಿ ಅಮ್ಮ. ನನಗೆ ಇಷ್ಟು ಬೇಗ ಮದುವೆ ಬೇಡವಾಗಿತ್ತು. ನೀವೆಲ್ಲ ಬೇಡ ಅನ್ನಲಿ ಅಂತ ಉಪ್ಪಿಟ್ಟಿಗೆ ಬೇಕಂತಲೇ ಮೂರು ಹಿಡಿ ಉಪ್ಪು ಹಾಕಿದ್ದೆ."

ಆಮೇಲೆ ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ದನಿ ತಗ್ಗಿಸಿ ಅಂದಳು: "ಇವರು ಎರಡನೇ ಸಲ ತಟ್ಟೆ ಚಾಚಿದಾಗ ನನ್ನ ಜೀವವೇ ಹೋಗಿತ್ತು!"