ಸುಸ್ಥಿತಿಯಲ್ಲಿರುವ ದೋಣಿ

ಹೊಸನಗರದ ಹಿನ್ನೀರು ಮಟ್ಟ ದಾಖಲಾತಿ ಉಪಕಚೇರಿಯ ದಾಸ್ತಾನು ವಹಿಯ ಹದಿನೇಳನೇ ಪುಟದಲ್ಲಿ ‘ದೋಣಿ – ಒಂದು, ಸುಸ್ಥಿತಿಯಲ್ಲಿದೆ’ ಎಂದು ದಾಖಲಾಗಿದೆ. ಲಿಂಗನಮಕ್ಕಿಯಲ್ಲಿ ಅಳೆದು ಬರೆದ ನೀರಿನ ಮಟ್ಟವನ್ನು ಇನ್ನೊಂದು ಪುಸ್ತಕದಲ್ಲಿ ಮತ್ತೊಮ್ಮೆ ಬರೆದಿಡುವುದಷ್ಟೇ ಈ ಕಚೇರಿಯ ಕೆಲಸ. ಹಾಗಾಗಿ ದೋಣಿಯ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ.

ಅದನ್ನು ವಹಿಗೆ ಏರಿಸಿದವರು ಪ್ರಥಮ ದರ್ಜೆ ಸಹಾಯಕಿ ಜಲಜಾಕ್ಷಿ. 1998ರಲ್ಲಿ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಜೊತೆ ಫ್ಲಾಪಿಯೊಂದರಲ್ಲಿ ಒಂದು ಆಟವೂ ಬಂದಿತ್ತು. ಪುಟ್ಟ ದೋಣಿಯೊಂದು ಬಂಡೆ, ಮೊಸಳೆಗಳನ್ನು ತಪ್ಪಿಸಿಕೊಂಡು ಹೊಳೆ ದಾಟಬೇಕು. ಬಂದದ್ದನ್ನೆಲ್ಲ ವಹಿಯಲ್ಲಿ ಬರೆಯಬೇಕೆಂಬುದು ನಿಯಮ. ಸರ್ಕಾರಿ ವಹಿಯಲ್ಲಿ ‘ಆಟ’ ಎಂಬ ಪದ ಶೋಭಿಸುವುದಿಲ್ಲವೆಂದು ಅಂದಿನ ಸಾಹೇಬರು ಹೇಳಿದ್ದರಿಂದ ಜಲಜಾಕ್ಷಿ ಬರೀ ‘ದೋಣಿ’ ಎಂದು ಬರೆದರು. ಆಮೇಲೆ ಪ್ರತಿ ಮಾರ್ಚ್‌ನಲ್ಲೂ ಅದರ ಮುಂದೆ ‘ಸುಸ್ಥಿತಿ’ ಎಂದು ತಪ್ಪದೆ ಬರೆಯುತ್ತ ಬಂದರು. ಕಂಪ್ಯೂಟರ್ ಕೆಟ್ಟು, ಅದರ ಮೇಲೆ ಕುಡಿಯುವ ನೀರಿನ ಕ್ಯಾನ್ ಕೂತು ಹದಿನೈದು ವರ್ಷವಾಗಿತ್ತು.

2025ರ ಜುಲೈ 31ಕ್ಕೆ ಅವರ ನಿವೃತ್ತಿ. ಆಗಸ್ಟ್ ಒಂದರಿಂದ ತಂಗಿ ಶ್ರೀಗೌರಿಯ ಜೊತೆ ಸೇರಿ ಕವಲೇದುರ್ಗದ ಬುಡದಲ್ಲಿ, ಕೋಟೆ ಹತ್ತಲು ಬರುವವರಿಗಾಗಿ ತಿಂಡಿ ಅಂಗಡಿ ತೆರೆಯುವುದೆಂದು ತೀರ್ಮಾನವಾಗಿತ್ತು. ಅವಲಕ್ಕಿ, ಮಜ್ಜಿಗೆ, ಬನ್ಸ್ ಎಂದು ಬೋರ್ಡೂ ಬರೆಸಿಯಾಗಿತ್ತು. ಮೂವತ್ತೇಳು ವರ್ಷ ಬೇರೆಯವರು ಅಳೆದ ನೀರನ್ನು ಬರೆದುಕೊಂಡ ಜಲಜಾಕ್ಷಿಗೆ, ತಾವೇ ಅಳೆದ ಮಜ್ಜಿಗೆಯನ್ನು ಯಾರಿಗಾದರೂ ಕೊಡಬೇಕೆಂಬ ಆಸೆ ಬಲವಾಗಿತ್ತು.

ಜುಲೈ ಮೂರರಂದು ಸಾಗರದಿಂದ ದಾಸ್ತಾನು ಪರಿಶೀಲನಾಧಿಕಾರಿ ನಾರಾಯಣಮೂರ್ತಿ ಬಂದರು. ಕುರ್ಚಿ ಎಣಿಸಿದರು, ಬೀರು ಎಣಿಸಿದರು, ಹದಿನೇಳನೇ ಪುಟಕ್ಕೆ ಬಂದರು.

“ದೋಣಿ ಎಲ್ಲಿ ಕಟ್ಟಿದೀರಿ ಮೇಡಂ?”

“ಸಾರ್, ಅದು ಕಂಪ್ಯೂಟರ್ ಒಳಗಿದೆ.”

ನಾರಾಯಣಮೂರ್ತಿಯವರ ಹುಬ್ಬು ಅಲುಗಲಿಲ್ಲ. ಗೋಡೆಯಿಲ್ಲದ ಗೋದಾಮು, ನೀರು ಕಾಣದ ನಲ್ಲಿ ಮುಂತಾದವನ್ನು ಪರಿಶೀಲಿಸಿ ಸಹಿ ಹಾಕಿದ ಅನುಭವಿ ಅವರು. “ಎಲ್ಲಿದೆ ಅನ್ನೋದು ನನ್ನ ವ್ಯಾಪ್ತಿಗೆ ಬರೋದಿಲ್ಲ. ಸುಸ್ಥಿತಿಲಿದೆಯಾ ಅನ್ನೋದಷ್ಟೇ ಬೇಕು. ನಡೆಸಿ ತೋರ್ಸಿ.”

“ತೋರ್ಸೋಕಾಗದಿದ್ರೆ?”

“ದೋಣಿ ಕಾಣೆಯಾಗಿದೆ ಅಂತ ಬರೀತೀನಿ. ವಿಚಾರಣೆ ಮುಗಿಯೋವರೆಗೆ ನಿಮ್ಮನ್ನ ಬಿಡುಗಡೆ ಮಾಡೋ ಹಾಗಿಲ್ಲ. ಹಿಂದೆ ಒಂದು ಏಣಿಯ ವಿಚಾರಣೆ ಒಂಬತ್ತು ವರ್ಷ ನಡೀತು.”

ಅವರು ಹೋದ ಮೇಲೆ ಜಲಜಾಕ್ಷಿ ಮೇಜಿನ ಖಾನೆ ತಡಕಿ ಫ್ಲಾಪಿಯನ್ನು ಹುಡುಕಿ ತೆಗೆದರು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದರು. ಅಲ್ಲಿ ಯೋಗರಾಜ್ ಎಂಬವರ ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಹಳೆಯ ಸಾಮಾನು ಎಸೆಯಲು ಮನಸ್ಸು ಬಾರದೆ ಅಂಗಡಿಯಲ್ಲಿ ಕೂರಲು ಜಾಗವಿಲ್ಲದಂತೆ ಮಾಡಿಕೊಂಡ ಮನುಷ್ಯ ಆತ. ಫ್ಲಾಪಿ ಓದುವ ಪೆಟ್ಟಿಗೆಯೊಂದನ್ನು ಹುಡುಕಿ, ಆಟವನ್ನು ತಮ್ಮ ಹೊಸ ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟರು.

ಒಂಬತ್ತನೇ ತಾರೀಕು ಯೋಗರಾಜ್ ಲ್ಯಾಪ್‌ಟಾಪನ್ನು ಕಚೇರಿಗೇ ತಂದರು; ನಾರಾಯಣಮೂರ್ತಿಯವರ ಸಮಕ್ಷಮದಲ್ಲಿ ದೋಣಿ ಬಿಟ್ಟದ್ದಾಯಿತು. ಜಲಜಾಕ್ಷಿ ಗುಂಡಿ ಒತ್ತಿದ್ದೇ ತಡ, ದೋಣಿ ಕಣ್ಣಿಗೂ ಕಾಣದ ಹಾಗೆ ಹೋಗಿ ಬಂಡೆಗೆ ಬಡಿದು ಪುಡಿಯಾಯಿತು. ಇನ್ನೊಮ್ಮೆ ಬಿಟ್ಟರೂ ಅದೇ.

“ಆಗಿನ ಆಟ ಮೇಡಂ. ಮಿಷನ್ ಎಷ್ಟು ಜೋರೋ ಅದೂ ಅಷ್ಟೇ ಜೋರು ಓಡ್ತದೆ. ಇವತ್ತಿನ ಮಿಷನ್ನಿಗೆ ಅದು ತಡ್ಕಳಲ್ಲ,” ಎಂದರು ಯೋಗರಾಜ್.

ಮೂರು ದಿನದಲ್ಲಿ ಸಾಗರದಿಂದ ನೋಟೀಸು ಬಂತು: ‘ಕಚೇರಿಯ ದೋಣಿಯು ಮಿತಿಮೀರಿದ ವೇಗದಲ್ಲಿ ಚಲಿಸಿ ಎರಡು ಬಾರಿ ಅಪಘಾತಕ್ಕೀಡಾಗಿದ್ದು, ಅದರಲ್ಲಿದ್ದ ಅಂಬಿಗನು ಜೀವರಕ್ಷಕ ಅಂಗಿ ಧರಿಸಿರಲಿಲ್ಲವೆಂದು ಕಂಡುಬಂದಿದೆ. ಏಳು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.’ ಸದರಿ ಅಂಬಿಗನು ಗುಂಡಿ ಒತ್ತಿದಾಗಲೆಲ್ಲ ಪುನಃ ಜೀವಂತನಾಗುತ್ತಾನೆಂದು ಜಲಜಾಕ್ಷಿ ಉತ್ತರಿಸಿದರು. ಸಮಜಾಯಿಷಿ ಸಮಾಧಾನಕರವೆಂದು ಅಂಗೀಕೃತವಾಯಿತು.

ಇನ್ನು ಹಳೆಯ ಕಂಪ್ಯೂಟರನ್ನೇ ಎಬ್ಬಿಸದೆ ದಾರಿಯಿರಲಿಲ್ಲ. ಯೋಗರಾಜ್ ಸಾಗರದಲ್ಲಿ ಮುಚ್ಚಿಹೋಗಿದ್ದ ತರಬೇತಿ ಕೇಂದ್ರವೊಂದರಿಂದ ಬಿಡಿಭಾಗ ತಂದರು. ನೀರಿನ ಕ್ಯಾನ್ ಇಳಿಸಿ, ಒಳಗಿದ್ದ ಹಲ್ಲಿಮೊಟ್ಟೆ ತೆಗೆದು, ಮೆಮೊರಿ ಪಟ್ಟಿಯನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿದರು. ಹದಿನಾರನೇ ತಾರೀಕು ಕಂಪ್ಯೂಟರ್ ಕೆಮ್ಮಿದಂತೆ ಸದ್ದು ಮಾಡಿ ಎದ್ದು ಕೂತಿತು. ಒಂದೇ ಒಂದು ದೋಷ ಉಳಿಯಿತು. ಒಳಗಿನ ಬ್ಯಾಟರಿ ಸತ್ತದ್ದರಿಂದ, ಪ್ರತಿ ಸಲ ಆನ್ ಮಾಡಿದಾಗಲೂ ತಾರೀಕು 1980ರ ಜನವರಿ ಒಂದಕ್ಕೆ ಹೋಗುತ್ತಿತ್ತು. ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿದ್ದರು. ಕಿತ್ತರೆ ಎಲ್ಲವೂ ಹೋದೀತೆಂದು ಯೋಗರಾಜ್ ಮುಟ್ಟಲಿಲ್ಲ.

ದೋಣಿ ಈಗ ಹದವಾಗಿ ತೇಲಿತು. ನಾರಾಯಣಮೂರ್ತಿ ಫೋನಿನಲ್ಲಿ ಸಂತೋಷ ಸೂಚಿಸಿ, ಆಚೆ ದಡ ಮುಟ್ಟಿದರೆ ಮಾತ್ರ ‘ಸುಸ್ಥಿತಿ’ ಎಂದು ಸ್ಪಷ್ಟಪಡಿಸಿದರು. ಕಚೇರಿ ವೇಳೆಯಲ್ಲಿ ಆಟ ಆಡುವುದು ದುರ್ನಡತೆ, ಆದರೆ ದೋಣಿ ನಡೆಸುವುದು ಕರ್ತವ್ಯ ಎಂಬ ಸುತ್ತೋಲೆಯನ್ನೂ ಕಳಿಸಿದರು.

ಜಲಜಾಕ್ಷಿ ಕರ್ತವ್ಯಕ್ಕಿಳಿದರು. ಬಂಡೆಗಳನ್ನು ದಾಟಿದರೂ ಮೂರನೇ ಮೊಸಳೆ ಬಿಡುತ್ತಿರಲಿಲ್ಲ. ಒಂದು ವಾರ ಹೀಗೇ ಕಳೆಯಿತು. ಬೆರಳು ಊದಿಕೊಂಡಿತು.

“ಅಕ್ಕ, ಎಂತಾತು? ಯಾವಾಗ ಬತ್ತೆ?” ಎಂದು ಶ್ರೀಗೌರಿ ದಿನವೂ ಕೇಳುತ್ತಿದ್ದಳು.

“ದೋಣಿ ಇನ್ನೂ ದಡ ಮುಟ್ಟಿದ್ದಿಲ್ಲೆ,” ಎನ್ನುತ್ತಿದ್ದರು ಜಲಜಾಕ್ಷಿ.

ಇಪ್ಪತ್ತನಾಲ್ಕರಂದು ಮುಕುಂದಯ್ಯ ಎಂಬವರು ಅರ್ಜಿ ಹಿಡಿದು ಬಂದರು. ಹಿನ್ನೀರಿನ ನಡುಗಡ್ಡೆಯಲ್ಲಿರುವ ಕಣಗಲಕೊಪ್ಪದವರು. ಅಲ್ಲಿಯ ಹತ್ತೊಂಬತ್ತು ಮನೆಗೆ ಇರುವುದು ಒಂದೇ ದೋಣಿ, ಅದೂ ಸೋರುತ್ತದೆ. ಹುಟ್ಟು ಹಾಕುವವರು ಒಬ್ಬರಾದರೆ ನೀರು ಎತ್ತಿ ಹಾಕುವವರು ಇಬ್ಬರು. ಊರಿಗೊಂದು ದೋಣಿ ಕೊಡಿಸಬೇಕೆಂಬುದು ಅರ್ಜಿಯ ಸಾರಾಂಶ.

ಅಂದು ನಾರಾಯಣಮೂರ್ತಿಯೂ ಬಂದು ಕೂತಿದ್ದರು. ಅರ್ಜಿ ಪಡೆದು ಮುಕುಂದಯ್ಯನವರಿಗೆ ಬೆಂಚು ತೋರಿಸಿದರು. ಮುಕುಂದಯ್ಯ ಪರದೆಯನ್ನೇ ನೋಡುತ್ತ ಕೂತವರು ಸ್ವಲ್ಪ ಹೊತ್ತಿಗೆ ತಡೆಯಲಾರದೆ ಎದ್ದು ಬಂದರು.

“ಅಮ್ಮಾ, ಮೊಸಳೆ ಕಂಡ ಕೂಡ್ಲೇ ನೀವು ಎಡಕ್ಕೆ ಎಳೀತೀರಿ. ಎಳೀಬೇಡಿ. ಹುಟ್ಟು ಎತ್ತಿ ಸುಮ್ನೆ ನಿಲ್ಲಿ. ಹರಿಯೋ ನೀರೇ ಅದನ್ನ ಆಚೆ ಒಯ್ತದೆ.”

ಜಲಜಾಕ್ಷಿ ಗುಂಡಿಯಿಂದ ಬೆರಳು ತೆಗೆದರು. ಮೊಸಳೆ ಹೋಯಿತು. ದೋಣಿ ದಡ ಮುಟ್ಟಿತು. ಕಂಪ್ಯೂಟರ್ ಕೀಚಲು ದನಿಯಲ್ಲಿ ಏನೋ ಹಾಡಿತು. ಅವರ ಕಣ್ಣಲ್ಲಿ ನೀರು ಬಂತು.

ನಾರಾಯಣಮೂರ್ತಿ ಪರದೆಯ ಮೂಲೆಯಲ್ಲಿದ್ದ ತಾರೀಕನ್ನು ಬರೆದುಕೊಂಡು ಲೆಕ್ಕ ಹಾಕಿದರು. “ಒಂದು ತೊಡಕಿದೆ. ಒಂದು, ಒಂದು, ಎಂಬತ್ತರಲ್ಲಿ ನಿಮಗೆ ಹದಿನಾಲ್ಕು ವರ್ಷ. ಅಪ್ರಾಪ್ತ ವಯಸ್ಕರು ದೋಣಿ ನಡೆಸೋ ಹಾಗಿಲ್ಲ. ಯಜಮಾನ್ರೇ, ಆಗ ನಿಮಗೆಷ್ಟು?”

“ಇಪ್ಪತ್ತೊಂದಿರ್ಬಹುದು,” ಎಂದರು ಮುಕುಂದಯ್ಯ.

“ಹಾಗಾದ್ರೆ ದೋಣಿ ನಡೆಸಿದ್ದು ನೀವು.”

ಪ್ರಮಾಣಪತ್ರ ಅಲ್ಲೇ ಸಿದ್ಧವಾಯಿತು. ಕಚೇರಿಯ ದೋಣಿ ಸುಸ್ಥಿತಿಯಲ್ಲಿದ್ದು, ಅಂಬಿಗ ಮುಕುಂದಯ್ಯ ಅದನ್ನು ಸುರಕ್ಷಿತವಾಗಿ ದಡ ಸೇರಿಸಿದ್ದಾರೆ. ಆಮೇಲೆ ನಾರಾಯಣಮೂರ್ತಿ ಮುಕುಂದಯ್ಯನ ಅರ್ಜಿಯನ್ನು ಎತ್ತಿಕೊಂಡು, ಇದೇ ಕಚೇರಿಯಲ್ಲಿ ಚಾಲನೆಯಲ್ಲಿರುವ ದೋಣಿ ಲಭ್ಯವಿರುವುದರಿಂದ ಎರಡನೆಯದರ ಅಗತ್ಯ ಕಂಡುಬರುವುದಿಲ್ಲವೆಂದು ಷರಾ ಬರೆದರು. ಎರಡಕ್ಕೂ ಜಲಜಾಕ್ಷಿಯ ಸಹಿ ಬೇಕಿತ್ತು.

ಜಲಜಾಕ್ಷಿ ಪೆನ್ನು ಹಿಡಿದುಕೊಂಡೇ ಕೂತರು. “ಸಾರ್, ಈ ದೋಣಿಲಿ ಜನ ಹತ್ತೋಕಾಗಲ್ಲ.”

“ಹಾಗಂತ ಬರೆದುಕೊಡಿ. ಆಗ ಇಪ್ಪತ್ತೇಳು ವರ್ಷ ಪ್ರತಿ ಮಾರ್ಚಲ್ಲೂ ನೀವು ಬರೆದದ್ದು ಏನು ಅಂತ ವಿಚಾರಣೆ ಆಗ್ತದೆ. ಆ ಏಣಿದು ಒಂಬತ್ತೇ ವರ್ಷ. ಇದು ದೋಣಿ.”

ಜಲಜಾಕ್ಷಿ ಮುಕುಂದಯ್ಯನ ಮುಖ ನೋಡಲಿಲ್ಲ. ಎರಡಕ್ಕೂ ಸಹಿ ಹಾಕಿದರು. ಆ ರಾತ್ರಿ ಅನ್ನ ಸೇರಲಿಲ್ಲ. ಆದರೂ ಬನ್ಸಿಗೆ ಬಾಳೆಹಣ್ಣು ಎಷ್ಟು ಬೇಕೆಂದು ಶ್ರೀಗೌರಿ ಫೋನು ಮಾಡಿದಾಗ ಸರಿಯಾಗಿಯೇ ಹೇಳಿದರು.

ಎರಡು ದಿನ ಕಳೆದು ಆದೇಶ ಬಂತು. ಮುಕುಂದಯ್ಯನವರನ್ನು ಅಂಬಿಗರೆಂದು ನೇಮಿಸಲಾಗಿತ್ತು. ಕಂಪ್ಯೂಟರಿನ ದಿನಾಂಕದಂತೆ ಅವರ ವಯಸ್ಸು ಎಂದೆಂದಿಗೂ ಇಪ್ಪತ್ತೊಂದೇ ಆಗಿರುವುದರಿಂದ ನಿವೃತ್ತಿಯ ಪ್ರಶ್ನೆ ಉದ್ಭವಿಸುವುದಿಲ್ಲ. ಕಣಗಲಕೊಪ್ಪದ ಗ್ರಾಮಸ್ಥರು ಕಚೇರಿ ವೇಳೆಯಲ್ಲಿ ದೋಣಿ ಸೌಲಭ್ಯವನ್ನು ಪಡೆಯಬಹುದು, ಭಾನುವಾರ ರಜೆ.

“ನೀವ್ಯಾಕೆ ಒಪ್ಕೊಂಡ್ರಿ ಮುಕುಂದಯ್ಯ?” ಎಂದು ಜಲಜಾಕ್ಷಿ ಮೆಲ್ಲಗೆ ಕೇಳಿದರು.

“ದಿನಾ ಇಲ್ಲಿ ಬಂದು ಕೂತ್ರೆ ನಮ್ಮ ಅರ್ಜಿ ಎಲ್ಲಿದೆ ಅಂತಾದ್ರೂ ಕಾಣ್ತದಲ್ಲಮ್ಮ.”

ಅವರು ಬೆಳಗ್ಗೆ ಸೋರುವ ದೋಣಿಯಲ್ಲಿ ನೀರು ಎತ್ತಿ ಹಾಕುತ್ತ ಬಂದು, ಒದ್ದೆ ಪಂಚೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ದೋಣಿ ದಾಟಿಸುತ್ತಿದ್ದರು. ಊರಿನವರೂ ಸರದಿಯ ಮೇಲೆ ಬಂದು, ಬೆಂಚಿನ ಮೇಲೆ ಕೂತು, ದಡ ಮುಟ್ಟಿದ ಮೇಲೆ ಪುಸ್ತಕದಲ್ಲಿ ಸಹಿ ಹಾಕಿ ಹೋಗತೊಡಗಿದರು. ಮುಕುಂದಯ್ಯನ ಹೆಂಡತಿ ತುಂಗಮ್ಮ ಬಂದ ದಿನ, “ಒಂದು ಹನಿ ನೀರೂ ಒಳಗೆ ಬರ್ಲಿಲ್ಲ,” ಎಂದು ಮೆಚ್ಚಿ ಎದ್ದರು.

ಮೂವತ್ತೊಂದರಂದು ನಾರಾಯಣಮೂರ್ತಿ ಬಿಡುಗಡೆ ಆದೇಶ, ಹಾರ, ಶಾಲು ತಂದಿದ್ದರು. ಅಂಬಿಗರು ಬಂದಿರಲಿಲ್ಲ. ಹನ್ನೊಂದು ಗಂಟೆಗೆ ಜಲಜಾಕ್ಷಿಯ ಮೊಬೈಲಿಗೆ ಕೈಬರಹದ ಕಾಗದವೊಂದರ ಫೋಟೋ ಬಂತು. ಅವರು ಅದನ್ನು ಗಟ್ಟಿಯಾಗಿ ಓದಿದರು.

‘ಮಾನ್ಯರೆ, ಕಟ್ಟಿದಲ್ಲೇ ನಮ್ಮೂರ ದೋಣಿ ಮುಳುಗಿಹೋಗಿದೆ. ದೋಣಿ ಇಲ್ಲದ ಕಾರಣ ದೋಣಿ ನಡೆಸಲು ಬರಲಾಗುತ್ತಿಲ್ಲ. ದಯವಿಟ್ಟು ರಜೆ ಮಂಜೂರು ಮಾಡಬೇಕು.’



“ಕಾರಣ ಸಮಂಜಸವಾಗಿದೆ,” ಎಂದರು ನಾರಾಯಣಮೂರ್ತಿ. “ಎಷ್ಟು ದಿನ ಅಂತ ಬರೆದಿಲ್ವಲ್ಲ?”

“ಬರೆದಿಲ್ಲ ಸಾರ್.”

“ಹಾಗಾದ್ರೆ ಮಳೆಗಾಲ ಮುಗಿಯೋವರೆಗೆ ಅಂತ ಹಾಕಿ.”

ಜಲಜಾಕ್ಷಿ ಹಾಗೆಯೇ ಬರೆದು, ಮೊಹರು ಒತ್ತಿ, ಹಾರಕ್ಕೆ ಕೊರಳೊಡ್ಡಿದರು.