ಕತ್ತಿನ ಸ್ಕ್ಯಾನಿನಲ್ಲಿ ಗಂಟಲು ಹೊಳೆದ ಬಗ್ಗೆ

ಇಂದ,
ಆರ್. ಪೆರಿಯಸಾಮಿ, ವಯಸ್ಸು 58,
ಆಲೂಗಡ್ಡೆ ಮಂಡಿ, ಮೆಟ್ಟುಪಾಳ್ಯಂ.

ಗೆ,
ಡಾ. ಅನಂತರಾಮ ಅವರು,
ಮುಖ್ಯಸ್ಥರು, ಸ್ಕ್ಯಾನ್ ವಿಭಾಗ, ಕೊಯಮತ್ತೂರು.

ವಿಷಯ: ಮಾತಾಡಿ ಕೆಡಿಸಿಕೊಂಡ ಸ್ಕ್ಯಾನನ್ನು ಮತ್ತೊಮ್ಮೆ ಮಾಡಿಕೊಡುವ ಬಗ್ಗೆ.

ಉಲ್ಲೇಖ: ತಮ್ಮ ವರದಿಯ ಕೊನೆಯ ಸಾಲು, "ರೋಗಿ ಮಾತಾಡಿರುವಂತಿದೆ."

ಮಾನ್ಯರೇ,

ತಾವು ಮೈಸೂರಿನವರೆಂದು ತಿಳಿದು ಕನ್ನಡದಲ್ಲಿ ಅರ್ಜಿ ಸಲ್ಲಿಸುತ್ತಿದ್ದೇನೆ. ಮನೆಮಾತು ಕನ್ನಡವಾದರೂ ನನಗೆ ಅಕ್ಷರ ಬಾರದ ಕಾರಣ, ನಾನು ಹೇಳಿದ್ದನ್ನು ಚಾಮರಾಜನಗರದ ನಮ್ಮ ಸೊಸೆ ಭೂಮಿ ತಿದ್ದಿ ಬರೆದಿದ್ದಾಳೆ.

1. ಕಳೆದ ತಿಂಗಳು ಹರಾಜು ಕೂಗುತ್ತಿದ್ದಾಗ ನನ್ನ ಮಾತು ಹತ್ತು ನಿಮಿಷ ನಿಂತುಹೋಯಿತು. ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಆದ್ದರಿಂದ, ಅಲ್ಲಿ ಉರಿಯೂತವಿದೆಯೇ ಎಂದು ಕುಯ್ಯದೆ ಹೊರಗಿನಿಂದಲೇ ನೋಡಲು ತಮ್ಮಲ್ಲಿಗೆ ಕಳುಹಿಸಿದರು.

2. ತಂತ್ರಜ್ಞೆ ಜಯಪ್ರಿಯಾ ಅವರು ಸಕ್ಕರೆಯಂಥ ಔಷಧ ಚುಚ್ಚಿದರು. ಉರಿಯೂತವಿರುವ ಜಾಗ ಅದನ್ನು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ, ಮಾತಾಡಿದರೆ ಗಂಟಲೂ ಹೊಳೆಯುತ್ತದೆ, ಆದಕಾರಣ ಒಂದು ಗಂಟೆ ಬಾಯಿ ತೆರೆಯಕೂಡದು ಎಂದು ತಿಳಿಸಿದ್ದರು. ಅವರ ತಪ್ಪೇನೂ ಇಲ್ಲ.

3. ಅದೇ ಔಷಧ ಚುಚ್ಚಿಸಿಕೊಂಡು ಪಕ್ಕದ ಕುರ್ಚಿಗೆ ಬಂದವರು ನನ್ನ ಅಣ್ಣ ಈಶ್ವರನ್. ನನ್ನ ಮಗನ ಮದುವೆ ಪತ್ರಿಕೆಯಲ್ಲಿ ಅವರ ಹೆಸರು ನನ್ನ ಭಾವಮೈದುನನ ಹೆಸರಿನ ಕೆಳಗೆ ಅಚ್ಚಾದ ಕಾರಣ, ಹನ್ನೊಂದು ವರ್ಷಗಳಿಂದ ನಮ್ಮಲ್ಲಿ ಮಾತಿರಲಿಲ್ಲ. ಆದ್ದರಿಂದ ಒಂದು ಗಂಟೆ ಸುಮ್ಮನಿರುವುದು ಸುಲಭವೆಂದೇ ಭಾವಿಸಿದ್ದೆ.

4. ಇಪ್ಪತ್ತು ನಿಮಿಷ ಇಬ್ಬರೂ ಗೋಡೆ ನೋಡಿದೆವು. ಕೊನೆಗೆ ಅಣ್ಣನೇ ಕೇಳಿದರು.

"ಏನ್ ತಂಬಿ, ನಿಂಗೂ ಕತ್ತಾ?"

"ಹೂಂ ಅಣ್ಣಾ. ಎಡಗಡೆ."

"ನಂಗೆ ಬಲಗಡೆ."

ನನ್ನ ಮಾತು ನಿಂತ ದಿನ ಆಸ್ಪತ್ರೆಯ ಬಾಗಿಲವರೆಗೂ ಬಂದು, ಒಳಗೆ ಬರಲು ಕಾಲೇಳದೆ ತಿರುಗಿ ಹೋಗಿದ್ದಾಗಿ ಅವರು ಹೇಳಿದರು. ಆಗ ನನ್ನ ಗಂಟಲು ಕಟ್ಟಿತು. ಅದೂ ಚಿತ್ರದಲ್ಲಿ ಬಂದಿದೆಯೋ ತಿಳಿಯದು.

5. ಜಯಪ್ರಿಯಾ ಅವರು ಎರಡು ಬಾರಿ ಬಂದು ತುಟಿಯ ಮೇಲೆ ಬೆರಳಿಟ್ಟರು. ನಾವು ಪಿಸುಮಾತಿಗೆ ಇಳಿದೆವು. ಪಿಸುಮಾತೂ ಮಾತೇ ಎಂಬುದು ವರದಿ ಬಂದ ಮೇಲೆ ತಿಳಿಯಿತು.

6. ಗಂಟಲ ಹೊಳಪಿನಲ್ಲಿ ರಕ್ತನಾಳ ಸರಿಯಾಗಿ ಕಾಣದ ಕಾರಣ, ಮಾತ್ರೆ ಸಾಕೋ ಆಪರೇಷನ್ ಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನನ್ನ ಹೆಂಡತಿ ಸುಬ್ಬಾತಾಳ್ ಹೆದರಿದ್ದಾಳೆ. ನನಗೂ ಹೆದರಿಕೆಯುಂಟು.

ಆದ್ದರಿಂದ ನಮ್ಮಿಬ್ಬರಿಗೂ ಒಂದೇ ದಿನ ಮರುಸ್ಕ್ಯಾನ್ ಮಾಡಿಕೊಡಬೇಕೆಂದು ಪ್ರಾರ್ಥನೆ. ಒಂದೇ ಬಸ್ಸಿನಲ್ಲಿ ಬರುತ್ತೇವೆ.

ತಪ್ಪೊಪ್ಪಿಕೊಂಡ ತಮ್ಮ ವಿಶ್ವಾಸಿ,
ಪೆರಿಯಸಾಮಿ

ಲಗತ್ತುಗಳು:
1. ನನ್ನ ವರದಿ.
2. ಅಣ್ಣನ ವರದಿ. ಕೊನೆಯ ಸಾಲು ಅದೇ.

ವಿ.ಸೂ.: ಅಂದು ನಮ್ಮಿಬ್ಬರನ್ನು ದಯವಿಟ್ಟು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಬೇಕು.